ಮಾವನವರ ಲಾರಿಗೆ ಕಾರ್ಬುರೇಟರ್ ಆರಿಸಿದ್ದು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಅಂಗಳದಲ್ಲಿ ಪೆಟ್ರೋಲು ಚೆಲ್ಲಿದರು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಆ ವಾಸನೆಗೆ ನಿಂತೇಬಿಟ್ಟಿತು. ನಗಬೇಡಿ, ಕೆಲವರಿಗೆ ಮಲ್ಲಿಗೆಯಿಂದ ಹಿರಿಯರು ನೆನಪಾಗುತ್ತಾರೆ, ನನಗೆ ಪೆಟ್ರೋಲಿನಿಂದ ಮಾವನವರು.

ನಮ್ಮೂರು ಇಂಡಿಯಲ್ಲಿ ಲಿಂಬೆಹಣ್ಣು ಸಾಗಿಸುತ್ತಿದ್ದ ಅವರ ಲಾರಿ ಡೀಸೆಲ್ಲಿನದಲ್ಲ, ಹಳೆಯ ಕಾಲದ ಪೆಟ್ರೋಲಿನದು. ಅವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ವರ್ಷವೇ ಅದರ ಕಾರ್ಬುರೇಟರೂ ಕೆಟ್ಟಿತು. ಗಾಳಿ, ಪೆಟ್ರೋಲು ಹದವಾಗಿ ಕಲಸಿ ಎಂಜಿನ್ನಿಗೆ ಉಣಿಸುವ ಸಾಮಾನು ಅದು. ಮಾವನವರದು ಒಂದೇ ಹಟ: "ಲಚ್ಯಾಣದ ಮಠಕ್ಕ ಒಮ್ಮಿ ಹೋಗಬೇಕು. ಹೋದ್ರ ನನ್ನ ಗಾಡ್ಯಾಗ." ಮಾತು ತೊದಲುತ್ತಿತ್ತು, ಹಟ ತೊದಲುತ್ತಿರಲಿಲ್ಲ. ದಿನದಿನಕ್ಕೆ ಇಳಿದುಹೋಗುತ್ತಿದ್ದರು, ಅಮಾವಾಸ್ಯೆ ದಾಟಿದರೆ ಎಬ್ಬಿಸಿ ಕೂರಿಸುವುದೂ ಕಷ್ಟವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಸಿಂದಗಿಯಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿ ಹತ್ತಿರ ಎರಡು ಕಾರ್ಬುರೇಟರ್ ಇದ್ದವು. ಒಂದು ಅದೇ ಜಾತಿಯ ಲಾರಿಯಿಂದ ಬಿಚ್ಚಿದ, ಮಸಿ ಹಿಡಿದ ಸಣ್ಣ ಬಾಯಿಯದು. ಇನ್ನೊಂದು ಹೊಸದು, ಎರಡು ದೊಡ್ಡ ಬಾಯಿಯದು, ಬೆಳ್ಳಿ ತಂಬಿಗೆಯ ಹಾಗೆ ಹೊಳೆಯುವಂಥದ್ದು. ಮಿಸ್ತ್ರಿ ಸಣ್ಣದು ಸಾಕೆಂದರೂ ನಮ್ಮ ಯಜಮಾನರು ದೊಡ್ಡದನ್ನೇ ತಂದು, ತಳಕ್ಕೊಂದು ಪಟ್ಟಿ ಕೊಟ್ಟು ಕೂರಿಸಿದರು. ನಾನೇನು ಕಡಿಮೆಯೇ? ಹೊಸ ಸಾಮಾನು ಬಂತೆಂದು ಅದಕ್ಕೆ ಮೂರು ಬೆರಳು ವಿಭೂತಿ ಬಳಿದೆ.

ಮಾವನವರನ್ನು ಎತ್ತಿ ಕೂರಿಸಿಕೊಂಡು ಹೊರಟ ಲಾರಿ ಊರ ಅಂಚಿನ ಏರಿನಲ್ಲಿ ಕೆಮ್ಮಿತು, ಕರಿ ಹೊಗೆ ಉಗುಳಿತು, ನಿಂತಿತು. ಮಾವನವರು ದಣಿದ ಎತ್ತಿನ ಬೆನ್ನು ತಟ್ಟುವ ಹಾಗೆ ಎಡಗೈಯಿಂದ ಬಾಗಿಲನ್ನು ಮೆಲ್ಲಗೆ ತಟ್ಟಿದರು.

ನನ್ನ ವಿಭೂತಿಯೇ ಒಳಗೆ ಉದುರಿ ಕೆಡಿಸಿತೆಂದು ನನಗೆ ಅನುಮಾನ. ಮರುದಿನ ನಮ್ಮವರ ಜೊತೆ ಸಿಂದಗಿಗೆ ಹೋಗಿ ಮಿಸ್ತ್ರಿ ಮುಂದೆ ತಪ್ಪೊಪ್ಪಿಕೊಂಡೆ.

ಮಿಸ್ತ್ರಿ ನಕ್ಕರು. "ವಿಭೂತಿ ಏನೂ ಮಾಡಿಲ್ಲ ಬಿಡ್ರಿ ಅಕ್ಕಾರ. ಬಾಯಿ ದೊಡ್ಡದ ಆಗೇತಿ. ಈ ಎಂಜಿನ್ ಎಳಕೊಳ್ಳೋ ಉಸಿರ ಸಣ್ಣದು. ದೊಡ್ಡ ಬಾಯಾಗ ಗಾಳಿ ಸುಮ್ಮ ಅಡ್ಡಾಡತೈತಿ, ಪೆಟ್ರೋಲ್ ಜೋಡಿ ಕೂಡಂಗಿಲ್ಲ."

"ದೊಡ್ಡದು ಹಾಕಿದ್ರ ಜೋರ ಬರ್ತೈತಿ ಅಂತ ಎಲ್ಲಾರೂ ಅಂತಾರಲ್ಲೋ," ಎಂದರು ನಮ್ಮವರು.

"ಅನ್ನಾಕ ಎಲ್ಲಾರೂ ಬರ್ತಾರ, ದೂಡಾಕ ಯಾರೂ ಬರಂಗಿಲ್ರಿ!"

ನನಗೆ ಮನೆಯ ಬಟ್ಟಲು ನೆನಪಾಯಿತು. ಮಾವನವರಿಗೆ ದೊಡ್ಡ ಚಮಚೆಯಲ್ಲಿ ಅಂಬಲಿ ಕೊಟ್ಟರೆ ನೆತ್ತಿಗೇರುತ್ತಿತ್ತು. ಕೂಸಿನ ಚಮಚೆಯಲ್ಲಿ ಕೊಟ್ಟರೆ ಬಟ್ಟಲು ಖಾಲಿಯಾಗುತ್ತಿತ್ತು.

"ಆ ಸಣ್ಣದ ಕೊಡ್ರಿ ಅಣ್ಣಾರ," ಎಂದೆ.

"ಇಕಿನೂ ಮಿಸ್ತ್ರಿ ಆದಳಪಾ," ಎಂದರು ನಮ್ಮವರು. ಆದರೆ ದೊಡ್ಡದನ್ನು ತಾವೇ ತಿರುಗಿ ಕೊಟ್ಟರು.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಲಾರಿ ಅದೇ ಏರನ್ನು ನಿಧಾನವಾಗಿ, ಕೆಮ್ಮದೆ ಹತ್ತಿತು. ಮಾವನವರು ಕಿವಿಗೊಟ್ಟು ಕೇಳಿ, "ಈಗ ಉಣ್ಣಾಕತ್ತೈತಿ ನೋಡು," ಎಂದರು. ಲಚ್ಯಾಣದಲ್ಲಿ ಅವರನ್ನು ಇಳಿಸಲು ಆಗಲಿಲ್ಲ. ಮಠದ ಮುಂದೆ ಲಾರಿಯಲ್ಲೇ ಕೂತು, ಏಳುವ ಒಂದೇ ಕೈಯನ್ನು ಹಣೆಗೊತ್ತಿಕೊಂಡರು. ಮುಖದಲ್ಲಿ ಇನ್ನೇನೂ ಬೇಡವೆಂಬ ನೆಮ್ಮದಿ. ಶ್ರಾವಣ ಬರುವುದರೊಳಗೆ ಹೊರಟೇಹೋದರು.

ಈಗ ನನ್ನ ಮೊಣಕಾಲು ಹಿಡಿದುಕೊಂಡಿವೆ. ದಿನಾಲೂ ಪೂಜೆಯಲ್ಲಿ, ನೋವು ಬೇರುಸಹಿತ ಹೋಗಲಿ, ಹದಿನೆಂಟರ ಕಾಲು ತಿರುಗಿ ಬರಲಿ ಎಂದು ಕೇಳುತ್ತಿದ್ದೆ. ಇವತ್ತು ರೊಟ್ಟಿ ಮುಗಿಸಿ ದೇವರ ಮುಂದೆ ಕೂತಾಗ ಅಷ್ಟು ದೊಡ್ಡದನ್ನು ಕೇಳಲು ಬಾಯಿ ಬರಲಿಲ್ಲ. "ಸೋಮವಾರ ಲಚ್ಯಾಣದ ಬಸ್ಸು ಹತ್ತೋವಷ್ಟು ಕಸುವು ಕೊಡಪಾ," ಎಂದೆ. "ಇಳಿಯೋದು ನಾ ನೋಡ್ಕೋತೇನಿ."