ಎರಡನೆಯ ಕೊಡ

ಸಾವಿನ ಸುದ್ದಿ ಕೇಳಿದರೆ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವುದು ನಮ್ಮಲ್ಲಿ ರೂಢಿ. ದೂರದ ಸಂಬಂಧಿಕರು ಸತ್ತರೂ ಅವ್ವ ಅದನ್ನು ತಪ್ಪಿಸಿದವಳಲ್ಲ. ಹೆತ್ತ ಮಗನಿಗೆ ಮಾತ್ರ ಸುರಿದುಕೊಳ್ಳಲಿಲ್ಲ.

ಅಣ್ಣ ಹುಮನಾಬಾದಿನ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ. ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ದಾರಿ ಬಂದ್ ಆಗಿದ್ದಾಗ ಅಲ್ಲಿಯೇ ವಾಂತಿಭೇದಿಯಾಗಿ ತೀರಿಹೋದ. ಅಪ್ಪ ಹೇಗೋ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

"ನಾ ನೋಡಿಲ್ಲ. ನೋಡದ ಸಾವಿಗೆ ನಾ ನೀರ ಹಾಕ್ಕೊಳ್ಳಂಗಿಲ್ಲ" ಎಂದು ಅವ್ವ ಕೂತುಬಿಟ್ಟಳು. ಬಸವಕಲ್ಯಾಣದ ನಮ್ಮ ಮನೆಯ ಮುಂದೆ ಹುಮನಾಬಾದಿನ ದಾರಿಯ ರಾಜೇಶ್ವರದ ಕಡೆಯಿಂದ ಗಾಡಿ ಬಂದರೆ ಸಾಕು, ಎದ್ದು ಬಾಗಿಲಿಗೆ ಹೋಗುವಳು. ನೋಡಿ ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಐವತ್ತರಲ್ಲಿ ಸೋದರಮಾವ ಧಾರವಾಡದಿಂದ ಹೊಸ ಬಗೆಯ ಕಾದಂಬರಿಯೊಂದನ್ನು ತಂದುಕೊಟ್ಟ. ಮಧ್ಯಾಹ್ನ ಅವ್ವ ತೊಗರಿಬೇಳೆ ಆರಿಸುವಾಗ ನಾನು ಗಟ್ಟಿಯಾಗಿ ಓದುತ್ತಿದ್ದೆ. ಕಥೆ ಅಂಥದ್ದೇನೂ ಇರಲಿಲ್ಲ. ಒಬ್ಬ ತಾಯಿ, ಆಕೆಯ ಮಕ್ಕಳು, ಅವರ ಮನಸ್ಸಿನೊಳಗಿನ ಮಾತು, ಅಷ್ಟೇ. ಅರ್ಧ ಪುಸ್ತಕದವರೆಗೂ ಆ ತಾಯಿ ಎಲ್ಲರನ್ನೂ ಉಣ್ಣಲು ಕರೆಯುತ್ತಲೇ ಇದ್ದಳು. ಮುಂದಿನ ಅಧ್ಯಾಯದ ಮೊದಲ ಸಾಲಿನಲ್ಲಿ ಆಕೆ ಸತ್ತು ಮೂರು ವರ್ಷವಾಗಿತ್ತು.

ನಾನು ದಂಗಾದೆ. ಹಾಳೆ ಕಿತ್ತುಹೋಗಿರಬೇಕೆಂದು ಪುಟದ ಅಂಕಿ ನೋಡಿದೆ. ಎಲ್ಲ ಸರಿಯಾಗಿತ್ತು. ಇವನ ಮನೆ ಹಾಳಾಗ, ಸಾಯುವವಳಿಗೆ ಒಂದು ಪುಟವನ್ನೂ ಕೊಡಲಿಲ್ಲವಲ್ಲ ಎಂದು ಬರೆದವನನ್ನು ಬೈದೆ.

"ಹ್ಯಾಂಗ ಸತ್ಲು?" ಅವ್ವ ಕೇಳಿದಳು.

"ಬರದಿಲ್ಲ."

"ಮಕ್ಕಳು ಬಾಜೂಕ ಇದ್ರೇನು?"

"ಅದೂ ಬರದಿಲ್ಲವ್ವ."

"ಖರೇನ ಸತ್ತಾಳ?"

"ಸತ್ತಾಳ."

ಅವ್ವ ಮೊರ ಬದಿಗಿಟ್ಟು ಬಚ್ಚಲಿಗೆ ಹೋದಳು. ಉಟ್ಟ ಸೀರೆಯಲ್ಲೇ ಕೂತು, ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡಳು. ಪುಸ್ತಕ ಬಿಟ್ಟು ನಾನು ಓಡಿಹೋದೆ.

"ಹುಚ್ಚು ಹಿಡೀತೇನು ನಿನಗ? ಕತಿಯೊಳಗಿನಾಕಿಗೆ ಯಾರರ ನೀರ ಹಾಕ್ಕೋತಾರ?"

ಆಕೆ ನಡುಗುತ್ತಿದ್ದಳು. "ಯಾರೂ ನೋಡದಿದ್ರೂ ಮಂದಿ ಸಾಯ್ತಾರ" ಎಂದಳು. ಖಾಲಿ ಕೊಡವನ್ನು ನನ್ನತ್ತ ತಳ್ಳಿ, "ಇನ್ನೊಂದು ಕೊಡ ತಾ" ಎಂದಳು.

ತುಂಬಿ ತಂದುಕೊಟ್ಟೆ. ಅದನ್ನು ಎತ್ತಲು ಆಕೆಯ ಕೈ ಏಳಲಿಲ್ಲ. "ನೀನ ಹಾಕು" ಎಂದಳು. ಸುರಿದೆ. ಅಣ್ಣನ ಹೆಸರು ಹಿಡಿದು ಅವ್ವ ಅತ್ತದ್ದು ಅಂದೇ ಮೊದಲು.

ಅಷ್ಟರಲ್ಲಿ ಮನೆಯ ಮುಂದೆ ಗಾಡಿಯೊಂದು ಬಂದ ಸದ್ದಾಯಿತು. ಅವ್ವ ಏಳಲಿಲ್ಲ.