ಎಲೆ ಬಿಟ್ಟು ಎದ್ದ ಗಲೀನಾ

ಪಾಯಸ ಬಡಿಸುವಷ್ಟರಲ್ಲಿ ಗಲೀನಾ ಊಟದೆಲೆ ಬಿಟ್ಟು ಎದ್ದೇಬಿಟ್ಟರು. ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಗೆ ಯುಗಾದಿ ಊಟಕ್ಕೆ ಬಂದಿದ್ದ ಅವರು ಉಕ್ರೇನಿನವರು; ಅವರ ಅಣ್ಣ ಇನ್ನೂ ಅಲ್ಲೇ ಇದ್ದಾರೆ. ಪಕ್ಕದಲ್ಲಿ ನಾನೇ ಕೂರಿಸಿದ್ದ ಅವರ ಹಳೆಯ ಗೆಳತಿ, ರಷ್ಯಾದ ವೇರಾ, ಯುದ್ಧದಲ್ಲಿ ತಮ್ಮ ನಾಯಕ ಮಾಡಿದ್ದೇ ಸರಿ ಎಂದಿದ್ದರು.

ಸಂಕೋಚ ಮರೆತು, "ಪಂಕ್ತೀಲಿ ಎಲ್ಲರ ಊಟ ಮುಗಿಯೋವರೆಗೂ ಏಳಬಾರದಮ್ಮ" ಎಂದೆ. ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. ಗಲೀನಾ ಕೂತರು, ಮುಖ ಮಾತ್ರ ಗೋಡೆಯ ಕಡೆಗಿತ್ತು. ಅಷ್ಟರಲ್ಲಿ ವೇರಾ ಪಲ್ಯವೆಂದುಕೊಂಡು ಮಾವಿನ ಉಪ್ಪಿನಕಾಯಿಯನ್ನು ಚಮಚದ ತುಂಬ ತಿಂದು ಕೆಮ್ಮತೊಡಗಿದರು. ಗಲೀನಾ ತಮ್ಮ ಮಜ್ಜಿಗೆ ಲೋಟವನ್ನು ಅತ್ತ ತಳ್ಳಿ ಇಂಗ್ಲಿಷಿನಲ್ಲಿ ಏನೋ ಅಂದರು.

"ಅಜ್ಜಿ, 'ಮೊದಲು ಇದನ್ನ ಕುಡಿ, ಆಮೇಲೆ ಜಗಳ ಆಡೋಣ' ಅಂತಿದಾರೆ" ಎಂದು ಮೊಮ್ಮಗಳು ನಕ್ಕಳು.

ಆ ನಾಯಕನ ವಿಷಯದಲ್ಲಿ ಇಬ್ಬರೂ ಇಂದಿಗೂ ಒಂದಾಗಿಲ್ಲ. ಆದರೆ ಮಕ್ಕಳೇ, ಅಂದು ಹೊರಡುವಾಗ ವೇರಾ ಬಾಗಿಲಲ್ಲಿ ನಿಂತು ಗಲೀನಾರ ಅಣ್ಣನ ಕ್ಷೇಮ ಕೇಳಿದರು. ಯುದ್ಧ ಶುರುವಾದ ಮೇಲೆ ಅವರು ಕೇಳಿದ್ದು ಅದೇ ಮೊದಲಂತೆ.