ಹಪಾನಾ ಹಮೀಸಿ

ಫೋರ್ಕ್‌ಲಿಫ್ಟ್ ರಿವರ್ಸ್ ಹಾಕಿದಾಗ ಪೀಂ ಪೀಂ ಎಂದು ಬಡಿದುಕೊಳ್ಳುತ್ತದಲ್ಲ, ಆ ಸದ್ದು ಕೇಳಿದರೆ ನಮಗೆಲ್ಲ ತಲೆನೋವು. ಹಮೀಸಿಗೆ ಮಾತ್ರ ಅದು ತಾಳ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಟಯರ್ ಗೋದಾಮಿನಲ್ಲಿ ಅವನು ಗಾಡಿ ಹಿಂದೆ ತೆಗೆಯುವಾಗ ತಲೆ ಆಡುತ್ತಿತ್ತು, ತುಟಿ ಪಟಪಟ ಅಲುಗುತ್ತಿತ್ತು. ನಡುವೆ ಒಂದು ಕಡೆ ತುಟಿ ನಿಂತುಬಿಡುತ್ತಿತ್ತು, ತಲೆ ಮಾತ್ರ ಆಡುತ್ತಲೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ತುಟಿ ಮತ್ತೆ ಶುರು. ಸಾಲು ಮರೆತುಹೋಗಿರಬೇಕು ಪಾಪ ಎಂದುಕೊಂಡಿದ್ದೆ. ಪಾಪ ಅಂತೆ. ಗಲ್ಫಿಗೆ ಬಂದ ಮೇಲೆ ನನ್ನ ಪಿತ್ತ ಇಷ್ಟು ನೆತ್ತಿಗೇರಿಸಿದ ಮನುಷ್ಯ ಇನ್ನೊಬ್ಬನಿಲ್ಲ.

ಟಾಂಜಾನಿಯಾದ ದಾರ್ ಎಸ್ ಸಲಾಮ್ ಅವನ ಊರು. ಸ್ವಾಹಿಲಿಯಲ್ಲಿ ‘ಇಲ್ಲ’ ಎನ್ನುವುದಕ್ಕೆ ‘ಹಪಾನಾ’ ಎನ್ನುತ್ತಾರೆ. ಆ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ಅದು, ಕಲಿಸಿದವನು ಇವನು. ನಾನು ಸ್ಟೋರ್ ಇನ್‌ಚಾರ್ಜ್, ಅವನ ಬಾಯಲ್ಲಿ ‘ಸದಾ ಭಾಯ್’. “ಹಮೀಸಿ, ಆ ಸಾಲು ಮೊದಲು ಇಳಿಸು” ಎಂದರೆ “ಹಪಾನಾ, ಸದಾ ಭಾಯ್.” ಕಾರಣ ಕೇಳಿದರೆ ಅದಕ್ಕೂ ಹಪಾನಾ. ಊಟದ ಹೊತ್ತಿಗೆ ನನ್ನ ಹೆಂಡತಿ ಕಟ್ಟಿಕೊಟ್ಟ ಒಣಸಿಗಡಿ ಚಟ್ನಿಯ ಡಬ್ಬಿ ಮುಂದಿಟ್ಟರೆ ಮಾತ್ರ ಆ ಶಬ್ದ ಬಾಯಿಂದ ಬರುತ್ತಿರಲಿಲ್ಲ. ಡಬ್ಬಿ ಬಳಿದು ಕೊಡುತ್ತಿದ್ದ.

ಆ ಚಟ್ನಿಯ ನೆವದಲ್ಲೇ ಅವನ ಕಥೆ ತುಂಡು ತುಂಡಾಗಿ ಹೊರಗೆ ಬಂದದ್ದು. ಒಂದು ಕಾಲಕ್ಕೆ ಅವನು ಊರಲ್ಲೆಲ್ಲ ಹೆಸರು ಮಾಡಿದ ರ‍್ಯಾಪ್ ಹಾಡುಗಾರ. ಹಮೀಸಿ, ಜೋಸೆಫ್, ಓಮರಿ, ಮೂವರೂ ಬಂದರಿನಲ್ಲಿ ಮೂಟೆ ಹೊರುವವರ ಮಕ್ಕಳು. ಗುಂಪಿನ ಹೆಸರು ‘ವತಾತು ವಾ ಬಂದರಿ’, ಅಂದರೆ ಬಂದರಿನ ಮೂವರು. ಆಗ ಅಲ್ಲಿಯ ಹುಡುಗರು ಟೋಪಿ ತಿರುಗಿಸಿ ಹಾಕಿಕೊಂಡು, ಅರ್ಥ ಗೊತ್ತಿಲ್ಲದಿದ್ದರೂ ಅಮೆರಿಕದವರ ಇಂಗ್ಲಿಷಿನಲ್ಲಿ ಒದರುತ್ತಿದ್ದರಂತೆ. ಇವರು ಸ್ವಾಹಿಲಿಗೆ ಇಳಿದರು. ಅದೂ ಪುಸ್ತಕದ ಸ್ವಾಹಿಲಿ ಅಲ್ಲ, ನೀರಿನ ಸಾಲಿನಲ್ಲಿ ಹೆಂಗಸರು ಜಗಳ ಆಡುವ ಸ್ವಾಹಿಲಿ. ಬೀದಿ ಭಾಷೆ ಎಂದು ರೇಡಿಯೋದವರು ಮುಖ ತಿರುಗಿಸಿದರು. ಮಿನಿಬಸ್ಸಿನ ಡ್ರೈವರುಗಳು ಕ್ಯಾಸೆಟ್ ಹಾಕಿದರು. ಆ ಕ್ಯಾಸೆಟ್ ಹಾಕದ ಬಸ್ಸಿಗೆ ಜನ ಹತ್ತುವುದಿಲ್ಲ ಎನ್ನುವಷ್ಟಾದಾಗ ರೇಡಿಯೋದವರೇ ಹುಡುಕಿಕೊಂಡು ಬಂದರು. ಆಮೇಲೆ ಗಡಿಯಾಚೆಯ ಹುಡುಗರೂ ಅವರವರ ಮನೆಮಾತಿನಲ್ಲಿ ಕಟ್ಟಲು ಶುರು ಮಾಡಿದರು.

“ನಮಗಿಂತ ಮೊದಲು ಹಾಗೆ ಹಾಡಿದವರು ಯಾರಿದ್ದಾರೆ ಹೇಳು ನೋಡುವಾ” ಎಂದು ಎದೆ ಉಬ್ಬಿಸುತ್ತಿದ್ದ. ವಿನಯ ಗಿನಯ ಅವನ ಹತ್ತಿರ ಇರಲಿಲ್ಲ. ನನಗೆ ಎಂತ ಗೊತ್ತು, ಸುಮ್ಮನೆ ತಲೆ ಆಡಿಸುತ್ತಿದ್ದೆ.

ಅವರಲ್ಲಿ ಒಂದು ಕಟ್ಟುಪಾಡು ಇತ್ತು. ಒಂದು ಹಾಡಿಗೆ ಮೂರು ಭಾಗ, ಒಬ್ಬೊಬ್ಬನಿಗೆ ಒಂದು. ಒಬ್ಬ ಬರದಿದ್ದರೆ ಅವನ ಭಾಗವನ್ನು ಉಳಿದವರು ಮುಟ್ಟಬಾರದು. ಅವನ ಮೈಕು ಖಾಲಿ ನಿಲ್ಲಿಸಿ, ತಾಳ ಮಾತ್ರ ಓಡಿಸಿ, ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಬಂದರಿನ ಜನಕ್ಕೆ ಇದು ಗೊತ್ತಿತ್ತು, ಅವರು ಚಪ್ಪಾಳೆಯಲ್ಲೇ ಆ ಜಾಗ ದಾಟಿಸುತ್ತಿದ್ದರಂತೆ. ಮುಂದೆ ಓಮರಿ ಜ್ವರದಲ್ಲಿ ತೀರಿಕೊಂಡ, ಗುಂಪು ಮುರಿಯಿತು. ಜೋಸೆಫ್ ಊರಲ್ಲೇ ಉಳಿದ, ಹಮೀಸಿ ಇಲ್ಲಿಗೆ ಬಂದು ಫೋರ್ಕ್‌ಲಿಫ್ಟ್ ಹತ್ತಿದ. ಪೀಂ ಪೀಂ ನಡುವೆ ತುಟಿ ನಿಲ್ಲುತ್ತಿದ್ದದ್ದು ಓಮರಿಯ ಭಾಗಕ್ಕೆ.

ದುಬೈಯ ಸತ್ವಾದಲ್ಲಿ ಉಗಾಂಡಾದವನೊಬ್ಬ ಕ್ಷೌರದಂಗಡಿ ಇಟ್ಟಿದ್ದಾನೆ. ಪಕ್ಕದ ಟೈಲರನ ಹತ್ತಿರ ನನ್ನ ಕೆಲಸ ಇತ್ತು, ಹಮೀಸಿ ತಲೆ ಕೊಟ್ಟು ಕೂತಿದ್ದ. ಮಾತಿಗೆ ಮಾತು ಬಂದು ಇವನು ಯಾರೆಂದು ಗೊತ್ತಾದದ್ದೇ ಆ ಕ್ಷೌರಿಕ ಕತ್ತರಿ ಕೆಳಗಿಟ್ಟ. “ನಿಮ್ಮ ಕ್ಯಾಸೆಟ್ ಕೇಳಿಯೇ ನಾನು ನಮ್ಮ ಭಾಷೆಯಲ್ಲಿ ಹಾಡು ಕಟ್ಟಿದ್ದು” ಎಂದ. ಅವನ ಕಣ್ಣಲ್ಲಿ ನೀರು. ಅಷ್ಟು ಸಾಲದೆಂದು ನಿಂತಲ್ಲೇ ಒಂದು ಭಾಗ ಒಪ್ಪಿಸಲು ಹೊರಟ. ಬಟ್ಟೆಯ ಅಡಿಯಿಂದ ಹಮೀಸಿಯ ಕೈ ಹೊರಗೆ ಬಂತು.

“ಹಪಾನಾ. ಅದು ಓಮರಿದು.”

ಕ್ಷೌರಿಕನ ಮುಖ ಬಾಡಿಹೋಯಿತು. ಉಳಿದರ್ಧ ತಲೆ ಮಾತಿಲ್ಲದೆ ಮುಗಿಯಿತು. ಹೊರಗೆ ಬಂದು ನಾನು ಸರಿಯಾಗಿ ಉಗಿದೆ. “ಅಲ್ಲ ಮಾರಾಯ, ನಿನ್ನನ್ನು ಗುರುತು ಹಿಡಿಯುವವನು ಈ ಊರಲ್ಲಿ ಒಬ್ಬ ಸಿಕ್ಕಿದ್ದ. ಅವನ ಬಾಯಿಗೂ ಬೀಗ ಹಾಕಿದೆಯಲ್ಲ.” ಅವನು ಕತ್ತಿನ ಕೂದಲು ಕೊಡವಿಕೊಳ್ಳುತ್ತಾ ಬಸ್ ಸ್ಟಾಪಿನ ಕಡೆ ನಡೆದ.

ಕ್ಷೌರಿಕ ದೊಡ್ಡ ಮನಸ್ಸಿನವನು. ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಅಬುಧಾಬಿಯಲ್ಲಿ ಆಫ್ರಿಕಾದ ಹಾಡುಗಾರರನ್ನೆಲ್ಲ ಸೇರಿಸಿ ಕಾರ್ಯಕ್ರಮ ಮಾಡುವವರಿಂದ ಹಮೀಸಿಗೆ ಕರೆ ಬಂತು. ಜೋಸೆಫನನ್ನು ಊರಿಂದ ಕರೆಸುತ್ತಾರೆ, ಇಬ್ಬರನ್ನೂ ವೇದಿಕೆಯಲ್ಲಿ ಗೌರವಿಸುತ್ತಾರೆ, ಹಳೆಯ ಹಾಡು ಹಾಡಬೇಕು. ಹಮೀಸಿ ಎಂದೂ ಇಲ್ಲದವನು ಹೊಸ ಅಂಗಿ ಹೊಲಿಸಿದ. ಅವನ ಮಗಳು ಹುಟ್ಟಿದ್ದು ಗುಂಪು ಮುರಿದ ಮೇಲೆ. ಅಪ್ಪ ವೇದಿಕೆಯ ಮೇಲೆ ನಿಂತದ್ದನ್ನು ಆ ಹುಡುಗಿ ನೋಡಿಯೇ ಇಲ್ಲ. ಶಾಲೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವಂತೆ. “ಈ ಸಲ ಫೋನಿನಲ್ಲಿ ನೇರ ನೋಡ್ತಾಳೆ, ಭಾಯ್” ಎಂದು ನನಗೆ ಎಷ್ಟು ಸಲ ಹೇಳಿದನೋ. ನಾನು ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋದೆ.

ಮಧ್ಯಾಹ್ನ ತಾಲೀಮು. ಓಮರಿಯ ಭಾಗ ಹಾಡಲು ಈಗಿನ ಕಾಲದ ಒಬ್ಬ ತಾರೆಯನ್ನು ಕರೆಸಿದ್ದರು, ಒಳ್ಳೆಯ ಹುಡುಗ, ಇವರಿಬ್ಬರ ಕಾಲಿಗೂ ಬಿದ್ದ. ಹಮೀಸಿ ಮೂರನೇ ಮೈಕು ತರಿಸಿ, ಅದನ್ನು ಖಾಲಿ ನಿಲ್ಲಿಸಬೇಕೆಂದ. ವ್ಯವಸ್ಥೆ ನೋಡುವ ಹೆಂಗಸು ತಾಳ್ಮೆಯಿಂದಲೇ ಹೇಳಿದಳು, “ಅಷ್ಟು ಹೊತ್ತು ಯಾರೂ ಹಾಡದಿದ್ದರೆ ಸೌಂಡ್ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಸರ್.” ಜೋಸೆಫನೂ ಅಂಗಲಾಚಿದ. ಇವನದ್ದು ಒಂದೇ ಮಾತು.

ನಾನು ಪಾರ್ಕಿಂಗಿಗೆ ಎಳೆದುಕೊಂಡು ಹೋಗಿ ಬುದ್ಧಿ ಹೇಳಿದೆ. ನಾನು ಉಡುಪಿ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು. “ನೋಡು, ನಮ್ಮಲ್ಲಿ ವೇಷಧಾರಿಗೆ ಜ್ವರ ಬಂದರೆ ಇನ್ನೊಬ್ಬ ಬಣ್ಣ ಹಚ್ಚಿ ಅದೇ ಪಾತ್ರ ಮಾಡ್ತಾನೆ. ಆಟ ನಿಲ್ಲುವುದಿಲ್ಲ. ಮಾತು ಪಾತ್ರದ್ದು, ಮನುಷ್ಯನದ್ದಲ್ಲ.”

“ನಿಮ್ಮವರಿಗೆ ಬಣ್ಣ ಉಂಟು, ಕಿರೀಟ ಉಂಟು. ನಾವು ನಮ್ಮ ನಮ್ಮ ಮನೆಯ ಕಥೆ ಹೇಳಿದವರು. ಓಮರಿಯ ಅಮ್ಮನ ಕಥೆಯನ್ನು ಇನ್ನೊಬ್ಬ ‘ನನ್ನ ಅಮ್ಮ’ ಅಂತ ಹೇಗೆ ಹೇಳ್ತಾನೆ?”

“ಮಗಳು ಫೋನ್ ಹಿಡಿದು ಕೂತಿದ್ದಾಳಲ್ಲ ಮಾರಾಯ.”

ಅವನು ಕಾರಿನ ಬಾಗಿಲು ತೆಗೆದು ಕೂತ. “ಯಲ್ಲಾ, ಹೋಗುವಾ.”

ಕಾರ್ಯಕ್ರಮ ಅವನಿಲ್ಲದೆ ನಡೆಯಿತು. ನಾವು ದುಬೈ ದಾರಿಯಲ್ಲಿದ್ದಾಗ ಮಗಳ ಫೋನು ಬಂತು. ಅವಳು ಏನು ಕೇಳಿದಳೋ, ಇವನು ಮೆಲ್ಲಗೆ ಹಪಾನಾ ಎಂದ. ಫೋನ್ ಇಟ್ಟವನು ತಾನಾಗಿ ಬಾಯಿ ಬಿಟ್ಟ.

“ಓಮರಿ ಆಸ್ಪತ್ರೆಯಲ್ಲಿದ್ದ. ದೊಡ್ಡ ಶೋ. ರೇಡಿಯೋದಲ್ಲಿ ನೇರ ಹೋಗ್ತದೆ, ಖಾಲಿ ಬಿಡಬೇಡಿ ಅಂದರು. ನಾನೇ ಹಾಡಿಬಿಟ್ಟೆ. ಅವನ ಭಾಗ, ಅವನ ಹಾಗೆಯೇ. ಜನ ಹುಚ್ಚೆದ್ದರು. ಮಾರನೇ ದಿನ ನೋಡಲು ಹೋದರೆ ದಿಂಬಿನ ಹತ್ತಿರ ರೇಡಿಯೋ. ‘ಚೆನ್ನಾಗಿ ಹೇಳಿದೆ ಹಮೀಸಿ, ನಾನಿಲ್ಲದ್ದು ಗೊತ್ತೇ ಆಗಲಿಲ್ಲ’ ಅಂದ. ಮತ್ತೆ ಅವನು ಮನೆಗೆ ಬರಲಿಲ್ಲ.”

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. “ಸತ್ತವನಿಗೆ ಜಾಗ ಉಂಟು, ಬದುಕಿರುವ ಮಗಳಿಗೆ ಇಲ್ಲ. ಇದು ಎಂತ ನ್ಯಾಯ?” ಎಂದು ಕೇಳಿಯೇ ಬಿಟ್ಟೆ.

“ಮಗಳು ನನ್ನ ಹತ್ತಿರ ಜಗಳ ಆಡ್ತಾಳೆ, ಬೈತಾಳೆ, ಮಾತು ಬಿಡ್ತಾಳೆ, ಮತ್ತೆ ಮಾತಾಡ್ತಾಳೆ” ಎಂದ. “ಓಮರಿಗೆ ಅದು ಯಾವುದೂ ಆಗುವುದಿಲ್ಲ.”

ಆ ಹಾಡು ಜೋಸೆಫ್ ಮತ್ತು ಆ ಹೊಸ ಹುಡುಗನ ಬಾಯಲ್ಲಿ ಎಲ್ಲೆಲ್ಲೂ ಹೋಯಿತು. ಹಮೀಸಿಯ ಭಾಗವನ್ನು ಜೋಸೆಫನೇ ಹೇಳಿದ್ದ. ಈಗ ಮಾಲ್‌ಗಳಲ್ಲಿ, ಟ್ಯಾಕ್ಸಿಗಳಲ್ಲಿ ಅದೇ. ಗೋದಾಮಿನ ಹುಡುಗರೂ ಫೋನಿನಲ್ಲಿ ಹಾಕಿಕೊಂಡು ಕುಣಿಯುತ್ತಿದ್ದರು, ಪಕ್ಕದಲ್ಲಿ ಟಯರ್ ಇಳಿಸುತ್ತಿದ್ದವನು ಯಾರೆಂದು ಅವರಿಗೆ ಗೊತ್ತಿಲ್ಲ. ನಾನು ಹೇಳಲು ಬಾಯಿ ತೆರೆದರೆ ಇವನು ಕಣ್ಣಲ್ಲೇ ತಡೆಯುತ್ತಿದ್ದ.

ಗುತ್ತಿಗೆ ಮುಗಿದು ವೀಸಾ ಖಲಾಸ್ ಆದಾಗ ಏರ್‌ಪೋರ್ಟಿಗೆ ಬಿಟ್ಟು ಬಂದವನೂ ನಾನೇ. ಚಟ್ನಿ ಡಬ್ಬಿ ಅವನ ಚೀಲದಲ್ಲಿತ್ತು. ಒಳಗೆ ಹೋಗುವ ಮೊದಲು “ಒಮ್ಮೆ ನನಗಾಗಿ ಹೇಳು” ಎಂದೆ, ಹಪಾನಾ ಕೇಳಲು ತಯಾರಾಗಿಯೇ. ಅವನು ಟ್ರಾಲಿಯ ಹಿಡಿಯ ಮೇಲೆ ಬೆರಳಿನಿಂದ ತಾಳ ಹಾಕಿ, ಮೆಲ್ಲಗೆ ತನ್ನ ಭಾಗ ಹೇಳಿದ. ಅಷ್ಟು ವರ್ಷದಲ್ಲಿ ಅವನ ಹಾಡಿನ ಸ್ವರ ನಾನು ಕೇಳಿದ್ದು ಅದೇ ಮೊದಲು. ಭಾಗ ಮುಗಿಯಿತು, ತುಟಿ ನಿಂತಿತು, ಬೆರಳು ನಿಲ್ಲಲಿಲ್ಲ. ಹಾಗೆಯೇ ತಾಳ ಹಾಕುತ್ತಾ ಟ್ರಾಲಿ ತಳ್ಳಿಕೊಂಡು ಒಳಗೆ ಹೋದ, ತಿರುಗಿ ನೋಡಲಿಲ್ಲ.

ಮೊನ್ನೆ ನನ್ನ ಮಗಳನ್ನು ಶಾಲೆಯಿಂದ ಕರೆತರುವಾಗ ಅವಳು ಕಾರಿನಲ್ಲಿ ಆ ಹಾಡು ಹಾಕಿದಳು. ಹೊಸ ಹುಡುಗ ಬಾಯಿ ತೆರೆಯುವ ಹೊತ್ತಿಗೆ ನನ್ನ ಕೈ ತಾನಾಗಿ ಹೋಗಿ ಸದ್ದು ಪೂರ್ತಿ ಇಳಿಸಿತು. ಪ್ರತಿ ಸಲ ಹೀಗೆಯೇ ಆಗುತ್ತದೆ, ಹಮೀಸಿಯ ಹಟ ನನಗೆ ಅಂಟಿದ್ದಕ್ಕೆ ನನಗೇ ರೇಗುತ್ತದೆ. ಮಗಳು ನನ್ನ ಮುಖ ನೋಡಿದಳು.

“ಪಪ್ಪಾ, ದಟ್ಸ್ ದ ಬೆಸ್ಟ್ ಪಾರ್ಟ್. ಸೌಂಡೇ ಇಲ್ಲ, ನೀವು ಯಾವುದಕ್ಕೆ ತಲೆ ಆಡಿಸ್ತಿದ್ದೀರಿ?”

“ಓಮರಿಯ ಸರದಿ ಮಾರಾಯ್ತಿ, ಸ್ವಲ್ಪ ಸುಮ್ಮನಿರು” ಎಂದೆ.